ಅಟ್ಟದ ಗಾಳಿಕಿಂಡಿ

ಆ ಬೇಸಿಗೆ ತಂದೆ ಮಗ ಮಾತು ಬಿಟ್ಟದ್ದು ಅಟ್ಟದ ಎರಡು ಗಾಳಿಕಿಂಡಿಗಳ ಸಲುವಾಗಿ.

ತಂದೆ ತಗಡಿನ ಮೇಸ್ತ್ರಿ. ಗೋದಾಮು, ಗಿರಣಿ, ಶಾಲೆ, ಕೋಳಿ ಫಾರಂ ಎಂದು ನಲವತ್ತು ವರ್ಷ ಊರಿನ ಛಾವಣಿಗಳ ಮೇಲೆಯೇ ಬದುಕಿದವರು. ಮಂಡಿ ಸೋತ ಮೇಲೆ ಕೆಲಸ ಬಿಟ್ಟಿದ್ದರು, ಆದರೆ ಬೀದಿಯವರಿಗೆ ಇನ್ನೂ ಮೇಸ್ತ್ರಿಯೇ. ಅವರ ಹೆಂಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮಗ ಸಿಟಿ ಬಸ್ಸಿನ ಡ್ರೈವರ್. ಸೊಸೆ ಮನೆಯಲ್ಲೇ ಮಷೀನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಇವರಿಬ್ಬರ ಮಗಳು ಪುಟ್ಟಿ, ಏಳನೇ ಕ್ಲಾಸು.

ಮನೆ ಮೇಸ್ತ್ರಿ ತಮ್ಮ ಕೈಯಾರೆ ಕಟ್ಟಿಸಿದ್ದು. ಮೂರು ಕೋಣೆ, ಒಂದು ಅಡುಗೆಮನೆ, ಮುಂದೆ ಜಗುಲಿ. ಮೇಲೆ ತಗಡಿನ ಛಾವಣಿ; ತಗಡಿಗೂ ಕೋಣೆಗಳಿಗೂ ನಡುವೆ ಹಲಗೆ ಹಾಸಿದ ಅಟ್ಟ. ಆ ಅಟ್ಟದ ಎರಡೂ ತುದಿಯ ಗೋಡೆಗಳಲ್ಲಿ, ತೀರ ಎತ್ತರಕ್ಕೆ, ಒಂದೊಂದು ಕಿಂಡಿ ಬಿಟ್ಟಿದ್ದರು. ಮಳೆ ಹೊಡೆಯದಂತೆ ಅದಕ್ಕೆ ಓರೆಯಾಗಿ ತಗಡಿನ ಪಟ್ಟಿ. ಸೂರಿನ ಅಡಿಯಲ್ಲಿ ಉದ್ದಕ್ಕೂ ಎರಡು ಬೆರಳು ಅಗಲದ ಸಂದು. ಮನೆ ನೋಡಲು ಬಂದವರಿಗೆಲ್ಲ ಮೇಸ್ತ್ರಿ ಮೊದಲು ತೋರಿಸುತ್ತಿದ್ದದ್ದು ಅದನ್ನೇ. "ಕೆಳಗಿನ ಸಂದೀಲಿ ಗಾಳಿ ಒಳಗೆ ಬರುತ್ತೆ, ಮೇಲಿನ ಕಿಂಡೀಲಿ ಬಿಸಿ ಹೊರಗೆ ಹೋಗುತ್ತೆ. ತಗಡು ಎಷ್ಟೇ ಕಾದರೂ ಕಾವು ಅಟ್ಟದಲ್ಲೇ ತಿರುಗಿ ಹೋಗುತ್ತೆ, ಕೆಳಗಿಳಿಯಲ್ಲ."

ಮಗನಿಗೆ ಆ ಮಾತು ಕೇಳಿ ಕೇಳಿ ಸಾಕಾಗಿತ್ತು. ಅವನು ಬೆಳಿಗ್ಗೆ ಐದೂವರೆಗೆ ಹೋದರೆ ಇಡೀ ಹೊತ್ತು ಇಂಜಿನ್ ಪಕ್ಕ ಕೂತಿರಬೇಕು. ಎರಡು ವರ್ಷ ದುಡ್ಡು ಹೊಂಚಿ, ಆ ಬೇಸಿಗೆಯ ಶುರುವಿನಲ್ಲಿ ತನ್ನ ಕೋಣೆಗೆ ಎ.ಸಿ. ತಂದ. ಅದನ್ನು ಕೂರಿಸಲು ಬಂದವನು ಹೋಗುವಾಗ ಹೇಳಿದ: "ತಂಪು ಎಲ್ಲೂ ಸೋರಬಾರದು ನೋಡಿ. ಸಂದು ಗಿಂದು ಇದ್ದರೆ ಮುಚ್ಚಿಬಿಡಿ."

ಅವನು ಹೇಳಿದ್ದು ಕೋಣೆಯ ಸಂದಿನ ಮಾತು. ಮಗ ಅದನ್ನು ಅಟ್ಟದವರೆಗೆ ಒಯ್ದ. ಅಲ್ಲಿ ಅಳಿಲುಗಳ ಕಾಟವೂ ಇತ್ತು. ಹಲಗೆಯ ಬಿರುಕಿನಿಂದ ಸೊಸೆಯ ಬಿಳಿ ಬಟ್ಟೆಯ ಮೇಲೆ ಕಸ ಉದುರುತ್ತಿತ್ತು. ಮೇಸ್ತ್ರಿ ಯಾವುದೋ ಮದುವೆಗೆಂದು ಎರಡು ದಿನ ಊರಲ್ಲಿರಲಿಲ್ಲ. ಮಗ ವಾರದ ರಜೆಯಲ್ಲಿ ಅಟ್ಟ ಹತ್ತಿ, ಎರಡು ಕಿಂಡಿಗೂ ಪ್ಲೈವುಡ್ ಹೊಡೆದು, ಸೂರಿನ ಸಂದಿಗೆಲ್ಲ ಹಳೇ ಗೋಣಿಚೀಲ ತುರುಕಿ ಇಳಿದ.

ಮೇಸ್ತ್ರಿ ಬಂದವರು ಗೇಟಿನ ಹೊರಗೇ ನಿಂತು ತಲೆ ಎತ್ತಿದರು. ಚೀಲ ಇನ್ನೂ ಕೈಯಲ್ಲೇ ಇತ್ತು.

"ಅದನ್ನ ಯಾರು ಮುಚ್ಚಿದ್ದು?"

"ನಾನೇ ಅಪ್ಪ. ಎ.ಸಿ.ಗೆ ಬೇಕಿತ್ತು."

"ಎ.ಸಿ. ಇರೋದು ನಿನ್ನ ಕೋಣೇಲಿ. ಅಟ್ಟ ಏನು ಮಾಡಿತ್ತು?"

"ಅಳಿಲು ಬರ್ತಿತ್ತು. ಕಸ ಬೀಳ್ತಿತ್ತು."

"ಅದಕ್ಕೆ ಜಾಲರಿ ಹೊಡೀಬೇಕು. ಮೂಗಲ್ಲಿ ನೆಗಡಿ ಅಂತ ಮೂಗು ಹೊಲಿದುಬಿಡ್ತೀಯೇನು?"

ಪಕ್ಕದ ಮನೆಯ ಹಿಟ್ಟಿನ ಗಿರಣಿಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮಗನಿಗೆ ಅದು ಚುಚ್ಚಿತು. "ನೀವು ಕಲಿತದ್ದು ನಿಮ್ಮ ಕಾಲಕ್ಕಾಯ್ತು ಅಪ್ಪ. ಈಗಿನವರು ಓದಿ ಬಂದಿರ್ತಾರೆ. ಎಲ್ಲಾನೂ ತಗಡು ಬಡಿದ ಹಾಗಲ್ಲ."

ಮೇಸ್ತ್ರಿ ಒಳಗೆ ಬಂದು ಚೀಲ ಇಟ್ಟರು. ಹೆಂಡತಿ ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು: "ಇನ್ನು ನಾನು ಈ ಮನೆ ಸೂರಿನ ಮೇಲೆ ಕೈ ಇಡಲ್ಲ. ಅವನಾಗಿ ಬಂದು 'ಅಪ್ಪ, ತಪ್ಪಾಯ್ತು, ತೆಗೀರಿ' ಅನ್ನೋವರೆಗೂ ಏಣಿ ಮುಟ್ಟಲ್ಲ."

"ಆಯ್ತು, ಈಗ ಕೈ ತೊಳೀರಿ, ಅನ್ನ ಆರಿಹೋಗುತ್ತೆ," ಅಂದರು ದೊಡ್ಡಮ್ಮ.

ಮೊದಲ ವಾರ ಎ.ಸಿ. ಮನೆಗೆ ಹಬ್ಬ ತಂದಿತು. ಊಟ ಆ ಕೋಣೆಗೇ ಹೋಯಿತು. ಚಾಪೆ ಹಾಸಿ ತಟ್ಟೆ ಇಟ್ಟುಕೊಂಡು ಕೂತರು. ಅದಕ್ಕೆ ಬಾಗಿಲು ಹಾಕಿರಬೇಕು, ಕರೆಂಟು ಸರಿಯಿರಬೇಕು, ಯಾರೂ ಒಳಗೆ ಹೊರಗೆ ಓಡಾಡಬಾರದು. ಆ ಗತ್ತು ನೋಡಿ ದೊಡ್ಡಮ್ಮ ಅದಕ್ಕೆ 'ಅಳಿಯಂದಿರು' ಎಂದು ಹೆಸರಿಟ್ಟರು. "ಅಳಿಯಂದಿರು ಎದ್ದರಾ ಪುಟ್ಟಿ?" "ಇಲ್ಲ ಅಜ್ಜಿ, ಕರೆಂಟು ಸಾಲದು, ಇನ್ನೂ ಕೆಂಪು ದೀಪ." ಮೇಸ್ತ್ರಿ ಮಾತ್ರ ತಟ್ಟೆ ತೆಗೆದುಕೊಂಡು ಜಗುಲಿಗೆ ಹೋಗಿ ಉಣ್ಣುತ್ತಿದ್ದರು.

ಎರಡನೇ ವಾರ ಬಿಸಿಲು ಏರಿತು. ಮಧ್ಯಾಹ್ನ ಕರೆಂಟು ಇಳಿಯುವ ಬೀದಿ ಅದು; ಹನ್ನೆರಡರಿಂದ ನಾಲ್ಕರವರೆಗೆ ಅಳಿಯಂದಿರು ಏಳುತ್ತಲೇ ಇರಲಿಲ್ಲ. ಅಟ್ಟದೊಳಗೆ ಕೂಡಿಹಾಕಿದ ಕಾವು ಹಲಗೆಗಳಿಂದ ಇಳಿಯತೊಡಗಿತು. ಬೆಳಿಗ್ಗೆ ಕಾಯಿಸಿದ ಹಾಲು ಮಧ್ಯಾಹ್ನಕ್ಕೆ ಒಡೆಯಿತು. ಗೂಡಿನಲ್ಲಿಟ್ಟ ಮೇಣದಬತ್ತಿ ಬಗ್ಗಿ ಗೋಡೆಗೆ ಅಂಟಿತು. ಸೊಸೆ ಎರಡು ಮಣಿಕಟ್ಟಿಗೂ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಿದ್ದಳು; ಆದರೂ ಬೆವರು ಗದ್ದದಿಂದ ತೊಟ್ಟಿಕ್ಕಿ ಬಿಳಿ ಷರಟಿನ ಕಾಲರಿನ ಮೇಲೆ ಕಲೆ ಮಾಡಿತು. ಮೂರು ಷರಟನ್ನು ಮತ್ತೆ ಒಗೆದು ಇಸ್ತ್ರಿ ಹಾಕಬೇಕಾಯಿತು. ಕೊನೆಗೆ ಮಷೀನನ್ನು ಎ.ಸಿ. ಕೋಣೆಗೆ ಎಳೆದುಕೊಂಡಳು. ಕರೆಂಟು ಇಳಿದರೂ ಬಾಗಿಲು ಹಾಕಿದ್ದ ಕೋಣೆಯಲ್ಲಿ ಬೆಳಗಿನ ತಂಪು ಒಂದಿಷ್ಟು ಉಳಿದಿರುತ್ತಿತ್ತು.

ಅಡುಗೆಮನೆ ಎಲ್ಲಕ್ಕಿಂತ ಹೆಚ್ಚು ಬೇಯುತ್ತಿತ್ತು. ಒಲೆಯ ಕಾವು ಕೆಳಗೆ, ಅಟ್ಟದ ಕಾವು ಮೇಲೆ. ದೊಡ್ಡಮ್ಮ ಸೆರಗನ್ನು ನೀರಲ್ಲಿ ಅದ್ದಿ ತಲೆ ಮೇಲೆ ಹಾಕಿಕೊಂಡು ಪಲ್ಯ ಹೆಚ್ಚುತ್ತಿದ್ದರು. ಎ.ಸಿ. ಕೋಣೆಯಲ್ಲಿ ಮಲಗು ಎಂದರೆ ಕೀಲು ಹಿಡಿಯುತ್ತದೆ ಎಂದು ಅವರು ಒಪ್ಪಲಿಲ್ಲ.

ಸೊಸೆ ಒಂದು ದಿನ ಜಗುಲಿಗೆ ಹೋಗಿ ನಿಂತಳು. "ಮಾವ, ಅತ್ತೆಗೆ ತುಂಬಾ ಕಷ್ಟ ಆಗ್ತಿದೆ. ಅದನ್ನ ತೆಗೆದುಬಿಡಿ. ಎಷ್ಟು ಹೊತ್ತಿನ ಕೆಲಸ?"

"ಅರ್ಧ ಗಂಟೆ ಕೂಡ ಬೇಡ."

"ಮತ್ತೆ?"

"ನಿನ್ನ ಗಂಡನಿಗೆ ಹೇಳು. ಓದಿದೋರನ್ನ ಕೇಳಿ ಮುಚ್ಚಿದಾನೆ, ಅವರನ್ನೇ ಕೇಳಿ ತೆಗೀಲಿ."

ಸಂಜೆ ಗಂಡ ಬಂದು ಕೈಕಾಲು ತೊಳೆದು ಕೂತಾಗ ಅವನಿಗೂ ಹೇಳಿದಳು. ಅವನು ತಟ್ಟೆಯಲ್ಲಿ ಅನ್ನ ಹರಡಿ ಆರಿಸಿದ.

"ಮುಚ್ಚಿದ್ದು ತಪ್ಪಾಯ್ತೇನೋ ಕಣೆ. ನನಗೂ ಹಾಗೇ ಅನ್ನಿಸ್ತಿದೆ."

"ಅದನ್ನ ಅವರ ಹತ್ರ ಹೇಳಿ, ಮುಗೀತು."

"ಹೇಳಿದ್ರೆ ಇನ್ನು ಸಾಯೋವರೆಗೂ ಕೇಳಿಸ್ಕೋಬೇಕು. ಗಿರಣಿಯವರಿಗೆಲ್ಲ ಸಾರಿಬಿಡ್ತಾರೆ. ಈ ಭಾನುವಾರ ನಾನೇ ಹತ್ತಿ ತೆಗೀತೀನಿ, ಯಾರಿಗೂ ಗೊತ್ತಾಗೋದು ಬೇಡ."

ಆ ಭಾನುವಾರ ಒಬ್ಬ ಡ್ರೈವರ್ ರಜೆ ಹಾಕಿದ್ದರಿಂದ ಇವನು ಡ್ಯೂಟಿಗೆ ಹೋದ. ಮುಂದಿನ ಭಾನುವಾರ ಬೆಳಿಗ್ಗೆ ಏಣಿ ತರಲೆಂದು ಜಗುಲಿಗೆ ಹೋದರೆ, ಅಪ್ಪ ಏಣಿಯ ಪಕ್ಕದಲ್ಲೇ ಮಂಚ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದುಬಿಟ್ಟ. ಮೇಸ್ತ್ರಿ ಪೇಪರಿನ ಅಂಚಿನಿಂದ ಅವನು ಹೋಗುವುದನ್ನು ನೋಡಿದರು. ಇನ್ನೊಂದು ವಾರಕ್ಕೆ ತಾನಾಗಿ ದಾರಿಗೆ ಬರುತ್ತಾನೆ ಅಂದುಕೊಂಡರು.

ಐದನೇ ವಾರ. ಪುಟ್ಟಿಗೆ ಪರೀಕ್ಷೆ. ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದ ದೊಡ್ಡಮ್ಮನ ಕೈ ಎರಡು ಸಲ ನಿಂತಿತು.

"ಅಜ್ಜಿ, ಯಾಕೆ?"

"ಏನಿಲ್ಲ, ತಲೆ ಗಿರ್ ಅಂತು. ರಾತ್ರಿ ನಿದ್ದೆ ಸರಿಯಾಗಲಿಲ್ಲ."

ಪುಟ್ಟಿ ಹೋದ ಮೇಲೆ ಅವರು ಜಗುಲಿಗೆ ಕಾಫಿ ತಂದು ಗಂಡನ ಮುಂದೆ ಇಟ್ಟರು. "ರೀ, ಇವತ್ತಾದರೂ ಅದನ್ನ ತೆಗೀರಿ. ನನ್ನ ಕೈಲಿ ಆಗ್ತಿಲ್ಲ."

"ಅವನು ಕೇಳಲಿ."

"ನಾನು ಕೇಳ್ತಿದೀನಲ್ಲ."

"ಮುಚ್ಚಿದ್ದು ನೀನಲ್ಲವಲ್ಲ."

"ನೀವಿಬ್ಬರೂ ತೆಗೀದಿದ್ರೆ ನಾನೇ ಹತ್ತಿ ತೆಗೀತೀನಿ."

"ಹತ್ತು. ಬೇಡ ಅಂದೋರು ಯಾರು?"

ಅದು ಅವರು ಸಿಟ್ಟಿನಲ್ಲಿ ಅಂದದ್ದೂ ಅಲ್ಲ. ಅರವತ್ತಾರು ವರ್ಷದ ಹೆಂಗಸು ಏಣಿ ಹತ್ತುತ್ತಾಳೆಂದು ಅವರಿಗೆ ಅನಿಸಲೇ ಇಲ್ಲ.

ಮಧ್ಯಾಹ್ನ ಊಟ ಆಯಿತು. ಸೊಸೆ ಹೊಲಿದು ಮಡಿಸಿದ ಬಟ್ಟೆಯ ಗಂಟು ಹೊತ್ತು ಅಂಗಡಿಗೆ ಕೊಟ್ಟುಬರಲು ಹೋದಳು. ಮಗ ಡ್ಯೂಟಿಯಲ್ಲಿದ್ದ. ಮೇಸ್ತ್ರಿ ಜಗುಲಿಯ ಮಂಚದಲ್ಲಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ನಿದ್ದೆ ಬಂದಿರಲಿಲ್ಲ. ಹೆಂಡತಿ ಬಂದದ್ದು ಕೇಳಿಸಿತು. ಗೋಡೆಯಿಂದ ಏಣಿ ಬಿಡಿಸಿದ್ದು, ಅದರ ಕಾಲು ನೆಲದ ಮೇಲೆ ಗೀರಿದ್ದು ಕೇಳಿಸಿತು. ಟವೆಲ್ಲಿನ ಅಡಿಯಲ್ಲಿ ಅವರು ಕಣ್ಣು ಬಿಟ್ಟೇ ಇದ್ದರು. ಏಳಬೇಕು ಅನ್ನಿಸಿತು. ಆಮೇಲೆ, ಇವಳು ಹತ್ತಿ ತೆಗೆದಳು ಅಂತ ಸಂಜೆ ಗೊತ್ತಾದರೆ ಅವನಿಗೆ ನಾಚಿಕೆಯಾದರೂ ಆಗುತ್ತೆ, ಆಗಲಿ, ಅಂದುಕೊಂಡರು. ಹಾಗೇ ಮಲಗಿದರು.

ಏಣಿ ಒಳಗೆ ಹೋಯಿತು. ಅಡುಗೆಮನೆಯ ಹಿಂದೆ ಅಟ್ಟದ ಬಾಗಿಲು ಎತ್ತಿದ ಸದ್ದು, ತಲೆಯ ಮೇಲೆ ಹಲಗೆ ಕಿರುಗುಟ್ಟಿದ್ದು, ಸುತ್ತಿಗೆಯ ಪೆಟ್ಟು ಒಂದಾದ ಮೇಲೊಂದು. ಮೇಸ್ತ್ರಿ ಸದ್ದಿನಲ್ಲೇ ಕೆಲಸ ಅಳೆದರು: ಮೊಳೆಯ ತಲೆಗೆ ಹೊಡೆಯುತ್ತಿದ್ದಾಳೆ, ಹಾಗೆ ಬರುವುದಿಲ್ಲ, ಅಂಚಿಗೆ ಕೊಟ್ಟು ಮೀಟಬೇಕು. ಅವರು ಅಷ್ಟನ್ನು ಕೂಗಿ ಹೇಳಬಹುದಿತ್ತು. ಹತ್ತು ಹನ್ನೆರಡು ಪೆಟ್ಟಾದ ಮೇಲೆ ಸದ್ದು ನಿಂತಿತು. ಮುಗಿಯಿತೇನೋ, ಇಳಿದಳೇನೋ ಅಂದುಕೊಳ್ಳುತ್ತಿದ್ದಂತೆ ಅವರಿಗೆ ನಿಜವಾಗಿಯೇ ಜೊಂಪು ಹತ್ತಿತು.

ಸೊಸೆ ಬರುವಾಗ ಮೂರು ಗಂಟೆ ದಾಟಿತ್ತು. ಅತ್ತೆ ಅಡುಗೆಮನೆಯಲ್ಲಿರಲಿಲ್ಲ. ಹಿಂದೆ ಏಣಿ ನಿಂತಿತ್ತು, ಅಟ್ಟದ ಬಾಗಿಲು ತೆರೆದಿತ್ತು. ಎರಡು ಸಲ ಕರೆದು, ಉತ್ತರ ಬಾರದಿದ್ದಾಗ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ತಲೆ ಒಳಗೆ ಹೋದ ಕೂಡಲೇ ಉಸಿರು ಸುಟ್ಟಂತಾಯಿತು. ದೊಡ್ಡಮ್ಮ ಕಿಂಡಿಯ ಕೆಳಗೆ ಒರಗಿ ಬಿದ್ದಿದ್ದರು. ಪ್ಲೈವುಡ್ಡಿನ ಒಂದು ಮೂಲೆ ಎದ್ದಿತ್ತು; ಅಲ್ಲಿಂದ ಬೆಳಕಿನ ಒಂದು ಪಟ್ಟಿ ಅವರ ಕೈಮೇಲೆ ಬಿದ್ದಿತ್ತು. ಮುಟ್ಟಿದರೆ ಮೈ ಕೆಂಡ, ಬೆವರೇ ಇರಲಿಲ್ಲ.

ಸೊಸೆ ಕೂಗಿದ್ದು ಕೇಳಿ ಮೇಸ್ತ್ರಿ ಎದ್ದು ಬಂದರು. ಗಿರಣಿಯವರು ಹಿಟ್ಟಿನ ಕೈಯಲ್ಲೇ ಓಡಿಬಂದರು. ದುಪ್ಪಟಿಯಲ್ಲಿ ಸುತ್ತಿ, ಮೇಲಿಂದ ಸೊಸೆ, ಕೆಳಗಿಂದ ಗಿರಣಿಯವರು ಹಿಡಿದು ಇಳಿಸಿದರು. ಮೇಸ್ತ್ರಿ ಏಣಿಯ ಕಾಲನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು. ಸೊಸೆ ಒದ್ದೆ ಬಟ್ಟೆ ಹೊದೆಸಿ, ಆಟೋದಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಬಾಟಲಿಯ ನೀರು ಹಾಕುತ್ತಾ ಹೋದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಎಷ್ಟು ಹೊತ್ತು ಅಲ್ಲೇ ಬಿದ್ದಿದ್ದರು?"

"ಒಂದೂವರೆ ಗಂಟೆ ಇರಬಹುದು," ಅಂದಳು ಸೊಸೆ. "ನಾನು ಮನೇಲಿರಲಿಲ್ಲ."

"ಒಂದು ಗಂಟೆ ಮುಂಚೆ ಕರ್ಕೊಂಡು ಬಂದಿದ್ದರೆ ಇಷ್ಟು ಆಗ್ತಿರಲಿಲ್ಲ. ಕಾವು ಮೆದುಳಿಗೆ ಹತ್ತಿದೆ. ಜೀವಕ್ಕೆ ತೊಂದರೆ ಇಲ್ಲ ಅನ್ಸುತ್ತೆ. ಆದರೆ ಮೊದಲಿನ ಹಾಗೆ ಆಗೋದು ಕಷ್ಟ."

ಮೇಸ್ತ್ರಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಮೂರನೆಯ ದಿನ ದೊಡ್ಡಮ್ಮನಿಗೆ ಎಚ್ಚರವಾಯಿತೆಂದು ತಿಳಿದ ಮೇಲೆ ತಂದೆ ಮಗ ಬಟ್ಟೆ ತರಲು ಮನೆಗೆ ಬಂದರು. ಮಗ ಬೀಗ ತೆಗೆದವನು ಬಟ್ಟೆಯ ಕಪಾಟಿನ ಹತ್ತಿರ ಹೋಗದೆ ಸೀದಾ ಏಣಿ ಹತ್ತಿದ. ಮೇಸ್ತ್ರಿಯೂ ಹಿಂದೆ ಹತ್ತಿದರು. ಮಂಡಿ ನೋವು ನೆನಪಿಗೆ ಬರಲಿಲ್ಲ. ಒಬ್ಬರು ಪ್ಲೈವುಡ್ ಮೀಟಿದರೆ ಒಬ್ಬರು ಹಿಡಿದರು. ಮಗ ಗೋಣಿಚೀಲಗಳನ್ನು ಕಿತ್ತು ಕೆಳಗೆ ಎಸೆದ. ಎರಡೂ ಕಿಂಡಿ ತೆರೆದುಕೊಂಡವು. ಸೂರಿನ ಸಂದಿಯಿಂದ ಗಾಳಿ ನುಗ್ಗಿ ಧೂಳು ಕಿಂಡಿಯ ಕಡೆ ಹಾರಿತು. ಮಗ ಕೈಗಡಿಯಾರ ನೋಡಿಕೊಂಡ. ಇಪ್ಪತ್ತೈದು ನಿಮಿಷ ಆಗಿತ್ತು.

ಅವನು ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟ. "ಎರಡು ಭಾನುವಾರ ಮುಂದೆ ಹಾಕಿದೆ ಅಪ್ಪ. ತಪ್ಪು ಅಂತ ನನಗೆ ಗೊತ್ತಿತ್ತು. ನಿಮ್ಮ ಮುಂದೆ ತಲೆ ತಗ್ಗಿಸೋಕಾಗದೆ ಮುಂದೆ ಹಾಕಿದೆ. ನಾನು ಮುಚ್ಚಿದ್ದಕ್ಕೆ ಅಮ್ಮ ಹೀಗಾಗಿದ್ದು."

ಮೇಸ್ತ್ರಿ ಅವನ ಭುಜದ ಮೇಲೆ ಕೈ ಇಟ್ಟರು. ಐದು ವಾರದಿಂದ ಅವರು ಕಾದಿದ್ದ ಮಾತು ಅದು. ಈಗ ಅದು ಬಂದಾಗ, ಬಾಯಿಗೆ ಬಂದ ತಮ್ಮ ಮಾತನ್ನು ಅವರು ನುಂಗಿಕೊಂಡರು. "ಬಾ, ಇಳಿ. ಆಸ್ಪತ್ರೆಗೆ ಹೊತ್ತಾಯ್ತು," ಎಂದಷ್ಟೇ ಹೇಳಿದರು.

ಹನ್ನೊಂದು ದಿನದ ಮೇಲೆ ದೊಡ್ಡಮ್ಮ ಮನೆಗೆ ಬಂದರು. ಗೋಡೆ ಹಿಡಿದು ನಡೆಯುತ್ತಿದ್ದರು. ಬಲಗೈ ನಡುಗುತ್ತಿತ್ತು, ಚಮಚ ಎತ್ತಿದರೆ ಅರ್ಧ ದಾರಿಯಲ್ಲೇ ಚೆಲ್ಲುತ್ತಿತ್ತು. ಮಾತು ಹುಡುಕಿ ಹುಡುಕಿ ಆಡಬೇಕಿತ್ತು. ಲೋಟ ಬೇಕಾದರೆ 'ಅದು, ಅದು' ಎಂದು ಕೈ ತೋರಿಸುತ್ತಿದ್ದರು. ಒಂದು ಬೆಳಿಗ್ಗೆ ತಾವಾಗಿ ಅಡುಗೆಮನೆಗೆ ಹೋಗಿ, ಡಬ್ಬಿಗಳ ಮುಂದೆ ಬಹಳ ಹೊತ್ತು ನಿಂತು, ಯಾವುದರಲ್ಲಿ ಏನಿದೆಯೆಂದು ತಿಳಿಯದೆ ಹೊರಗೆ ಬಂದು ಕೂತರು. ಆಮೇಲೆ ಆ ಕಡೆ ಹೋಗಲಿಲ್ಲ.

ಮನೆ ಈಗ ತಂಪಾಗಿತ್ತು. ಮಧ್ಯಾಹ್ನ ಕೂಡ ಮಧ್ಯದ ಕೋಣೆಯಲ್ಲಿ ಫ್ಯಾನಿನಡಿ ಮಲಗಬಹುದಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೊಸೆ ಮಷೀನನ್ನು ಮತ್ತೆ ಹಳೇ ಜಾಗಕ್ಕೆ ತಂದಿಟ್ಟಳು. ಅವಳಿಗೂ ಅವಳದೇ ಒಂದು ಕೊರಗು. "ನಾನೇ ಹತ್ತಬಹುದಿತ್ತು," ಅಂದಳು ಒಮ್ಮೆ ಗಂಡನ ಹತ್ತಿರ. "ಇಬ್ಬರನ್ನೂ ಕೇಳಿದೆ, ನನ್ನ ಕೆಲಸ ಆಯ್ತು ಅಂತ ಮಷೀನ್ ಎಳ್ಕೊಂಡು ತಂಪಲ್ಲಿ ಕೂತೆ. ಅತ್ತೆ ಒಬ್ಬರನ್ನೇ ಅಲ್ಲಿ ಬಿಟ್ಟೆ."

ಮೇಸ್ತ್ರಿ ಅಕ್ಕಿ ತೊಳೆಯಲು ಕಲಿತರು. ತರಕಾರಿಯನ್ನು ತಗಡು ಕತ್ತರಿಸಿದ ಹಾಗೆ ಅಳತೆ ಹಿಡಿದು ಹೆಚ್ಚುತ್ತಾರೆ ಎಂದು ಪುಟ್ಟಿ ನಗುತ್ತಿದ್ದಳು. ಹೆಂಡತಿಗೆ ತಲೆ ಬಾಚುವುದು, ಊಟ ಮಾಡಿಸುವುದು ಅವರದೇ ಕೆಲಸವಾಯಿತು. ಮಗ ಡ್ಯೂಟಿ ಮುಗಿಸಿ ಬಂದವನು ಈಗ ಮೊದಲು ಜಗುಲಿಗೇ ಬಂದು ಕೂರುತ್ತಿದ್ದ. "ಅಪ್ಪ, ಕಾಫಿ ಕುಡಿದ್ರಾ? ಸ್ವಲ್ಪ ಹೊತ್ತು ಮಲಗಿ, ನಾನು ನೋಡ್ಕೋತೀನಿ." ಬಸ್ಸಿನ ಸುದ್ದಿ ಹೇಳುತ್ತಿದ್ದ. ಅಷ್ಟು ಮೆತ್ತಗೆ ಅವನು ಅವರ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ.

ನೋಡಲು ಬಂದವರೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದರು. ಮೇಸ್ತ್ರಿ ಮನೇಲಿರಲಿಲ್ವಾ? ದೊಡ್ಡಮ್ಮ ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳುತ್ತಿದ್ದರು: "ಇದ್ರು. ಪಾಪ, ನಿದ್ದೆ ಹತ್ತಿತ್ತು. ನಾನೇ ಎಬ್ಬಿಸಲಿಲ್ಲ." ಆ ಮಾತು ಶುರುವಾದ ಕೂಡಲೇ ಮೇಸ್ತ್ರಿ ನೀರು ತರುವ ನೆಪದಲ್ಲಿ ಏಳುತ್ತಿದ್ದರು.

ಶಾಲೆ ಶುರುವಾಯಿತು. ಬಿಸಿಲು ಇಳಿಯಿತು. ಒಂದು ಮಧ್ಯಾಹ್ನ ಸೊಸೆ ಒಳಗೆ ಹೊಲಿಯುತ್ತಿದ್ದಳು. ಜಗುಲಿಯಲ್ಲಿ ಇವರಿಬ್ಬರೇ. ಮೇಸ್ತ್ರಿ ಮೊಸರನ್ನ ಕಲಸಿ ತುತ್ತು ಕೊಡುತ್ತಿದ್ದರು. ಹಿಂದಿನ ದಿನ ಮಗ ಮತ್ತೆ "ನನ್ನಿಂದ ಆಯ್ತು ಅಪ್ಪ" ಎಂದು ಕಣ್ಣೊರೆಸಿಕೊಂಡು ಹೋಗಿದ್ದ. ಅದು ಅವರನ್ನು ರಾತ್ರಿಯೆಲ್ಲ ತಿಂದಿತ್ತು.

"ನೋಡು," ಅಂದರು. "ಅವತ್ತು ನನಗೆ ನಿದ್ದೆ ಬಂದಿರಲಿಲ್ಲ. ಎಚ್ಚರವಾಗೇ ಇದ್ದೆ."

ದೊಡ್ಡಮ್ಮ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದರು.

"ಗೊತ್ತು."

"ಏನು ಗೊತ್ತು?"

"ಏಣಿ... ಮಂಚಕ್ಕೆ ತಾಗೋದರಲ್ಲಿತ್ತು. ನೀವು ಕಾಲು... ಹಿಂದಕ್ಕೆ ಎಳ್ಕೊಂಡ್ರಿ."

ಒಳಗೆ ಮಷೀನಿನ ಸದ್ದು ನಡೆಯುತ್ತಿತ್ತು. ಮೇಸ್ತ್ರಿಯ ದನಿ ಬಹಳ ಸಣ್ಣದಾಯಿತು. "ಮತ್ತೆ ಎಲ್ಲರ ಹತ್ರ ನಿದ್ದೆ ಅಂತ ಯಾಕೆ ಹೇಳ್ತೀಯ?"

"ಮಗ ಕೇಳಿದ. ಏನಂತ ಹೇಳ್ಲಿ?" ಅವರು ಮಾತು ಹುಡುಕಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ಈಗ ತಾನೇ... ಮಾತಾಡ್ತಿದೀರಿ ಇಬ್ಬರೂ."

"ನಾನು ಎದ್ದು ಬರಬೇಕಿತ್ತು."

"ಹೂಂ," ಅಂದರು ದೊಡ್ಡಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಏಣಿ ಇಟ್ಟು... ನಿಂತಿದ್ದೆ. ಮೇಲೆ ಹತ್ತೋಕೆ ಮುಂಚೆ. 'ಇರು, ಬಂದೆ' ಅಂತೀರೇನೋ ಅಂತ. ತುಂಬ ಹೊತ್ತು ನಿಂತಿದ್ದೆ."

ಅಷ್ಟು ಹೇಳಿ ಅವರು ತಟ್ಟೆಯ ಕಡೆ ನೋಡಿದರು. ಮೇಸ್ತ್ರಿ ಇನ್ನೊಂದು ತುತ್ತು ಕಲಸಿ ಕೈಗೆ ತೆಗೆದುಕೊಂಡರು. ಆ ಕೈ ಹೆಂಡತಿಯ ಬಾಯಿಯವರೆಗೆ ಹೋಗಲು ಬಹಳ ಹೊತ್ತು ಹಿಡಿಯಿತು.